ಯಾರೂ ಮುಟ್ಟದ ಲೋಟ

ಅಕ್ಟೋಬರ್ ೧೪, ಸೋಮವಾರ. ಸವಣೂರು

'ನೀರು ಹಗೆಯನ್ನರಿಯದು.' ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಯಾರೋ ಓದಿದ ಸಾಲು. ಹಾಸ್ಟೆಲಿನ ಹುಡುಗಿಯೇ ಬರೆದಿರಬೇಕು. ಅವಳ ಹೆಸರು ನೆನಪಿಲ್ಲ, ಮುಂದಿನ ಸಾಲು ನೆನಪಿಲ್ಲ. 'ಅರಿಯದು' ಎಂದಿತ್ತೋ 'ಮರೆಯದು' ಎಂದಿತ್ತೋ, ಅದೂ ಖಾತ್ರಿಯಿಲ್ಲ. 'ಮರೆಯದು' ಎಂದೇ ಇರಲಿ. ಆಗ ಮಾತ್ರ ಆ ಸಾಲು ನನಗೆ ಉಪಯೋಗಕ್ಕೆ ಬರುತ್ತದೆ.

ಮೇ ತಿಂಗಳಲ್ಲಿ ನಮ್ಮ ಕಾಲೇಜಿನ ಆಡಳಿತ ಮಂಡಳಿಗೆ ಸಹಿಯಿಲ್ಲದ ಒಂದು ಪತ್ರ ಹೋಯಿತು. ಅದರ ಜೆರಾಕ್ಸ್ ಈಗಲೂ ನನ್ನ ಹತ್ತಿರ ಇದೆ. 'ಕನ್ನಡ ವಿಭಾಗದ ಪದ್ಮಜಾ ಮೇಡಂ ಅವರ ನೀರಿನ ಲೋಟವನ್ನು ಬೇರೆಯವರು ಮುಟ್ಟುವಂತಿಲ್ಲ. ಇಂಥವರು ಪ್ರಿನ್ಸಿಪಾಲರಾದರೆ ನಮ್ಮಂಥವರ ಮಕ್ಕಳ ಗತಿಯೇನು?' ಎರಡೇ ಸಾಲು. ಶಿಗ್ಗಾವಿಯ ಆ ಕಾಲೇಜಿನಲ್ಲಿ ನನ್ನದು ಇಪ್ಪತ್ತೆರಡು ವರ್ಷದ ಸೇವೆ. ಕುರ್ಚಿ ಮಾತ್ರ ಇತಿಹಾಸ ವಿಭಾಗದ ಸವಿತಾಳ ಪಾಲಾಯಿತು. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಈಗ ಪ್ರಭಾರಿ. ನವೆಂಬರಿನಲ್ಲಿ ಕಾಯಂ ಮಾಡುತ್ತಾರಂತೆ.

ಬರೆದವಳು ಅವಳೇ. ಸ್ಟಾಫ್ ರೂಮಿನಲ್ಲಿ ಅವಳ ಟೇಬಲ್ ನನ್ನ ಟೇಬಲ್ಲಿಗೆ ಎದುರು. ನಾನು ಎಷ್ಟು ಹೊತ್ತಿಗೆ ನೀರು ಕುಡಿಯುತ್ತೇನೆಂದು ಅವಳಿಗಲ್ಲದೆ ಮತ್ಯಾರಿಗೆ ಗೊತ್ತು?

ಮುಟ್ಟುವಂತಿಲ್ಲವಂತೆ. ನನ್ನ ಹಳೆಯ ಸ್ಟೀಲ್ ಲೋಟವನ್ನು ನಾನಾಗಿಯೇ ಕರೆದು ಜವಾನ ನೀಲಪ್ಪನಿಗೆ ಕೊಟ್ಟಿದ್ದೇನೆ. ಮಡಿ ಮೈಲಿಗೆ ಎನ್ನುವವಳಾಗಿದ್ದರೆ ಕೊಡುತ್ತಿದ್ದೆನೇ? ಲೋಟ ಬೇರೆ ಇಟ್ಟುಕೊಳ್ಳುವುದು, ಎತ್ತಿ ಕುಡಿಯುವುದು ನಮ್ಮ ಮನೆಯ ರೂಢಿ. ಅದರಿಂದ ಯಾರಿಗೇನು ನಷ್ಟ?

ಈ ಶುಕ್ರವಾರ, ಶನಿವಾರ ಸ್ಟಾಫ್ ಕ್ಯಾಂಪ್. ಹಿರೇಕೆರೂರಿನ ಆಚೆ, ಎರಡು ಗುಡ್ಡಗಳ ನಡುವಿನ ಕೆರೆಯ ದಂಡೆಯಲ್ಲಿ ಡೇರೆ ಹಾಕಿ ಇರುವುದು. ಎಲ್ಲ ಸವಿತಾಳ ಯೋಜನೆ. ಅವಳ ತವರು ಆ ಕಡೆಯೇ. ಶನಿವಾರ ಬೆಳಿಗ್ಗೆ ಮಂಡಳಿಯ ಅಧ್ಯಕ್ಷ ರಾಜಕುಮಾರ ಅವರೂ ಬರುತ್ತಾರೆ. ಮೆಚ್ಚಿಸಬೇಕಲ್ಲ.

"ಅಕ್ಕಾರ, ನೀವು ಬರಬೇಕ್ರಿ. ನೀವಿಲ್ಲದ ಕ್ಯಾಂಪ್ ಏನು ಕ್ಯಾಂಪ್ರಿ?" ಎಂದಳು.

ಬರುತ್ತೇನೆ ಎಂದೆ. ಅವಳು ಎಡವುವುದನ್ನು ಹತ್ತಿರದಿಂದ ನೋಡಬೇಕಿದೆ.

ಊಟದ ಹೊತ್ತಿಗೆ ಇದನ್ನೆಲ್ಲ ಗಂಡ ಪ್ರಾಣೇಶರ ಮುಂದೆ ಹೇಳಿದಾಗ ನಕ್ಕರು. "ಒಂದು ಲೋಟದ ಸಲುವಾಗಿ ಐದು ತಿಂಗಳಿಂದ ಕುದೀಲಿಕ್ಕೆ ಹತ್ತೀ ಪದ್ಮಾ. ಹಾಲಾಗಿದ್ರ ಇಷ್ಟೊತ್ತಿಗೆ ಖೋವಾ ಆಗ್ತಿತ್ತು." ಬ್ಯಾಂಕಿನವರಿಗೆ ಅವಮಾನ ಅರ್ಥವಾಗುವುದಿಲ್ಲ.

ಅಕ್ಟೋಬರ್ ೧೭, ಗುರುವಾರ

ಇಂದು ಮೂರನೇ ಪಿರಿಯಡ್ಡಿನಲ್ಲಿ ಆಫೀಸಿನ ಫೋನು ರಿಂಗಾಯಿತು. ಗುಮಾಸ್ತರು ರಜೆಯಲ್ಲಿದ್ದಾರೆ, ಸವಿತಾ ಕ್ಲಾಸಿನಲ್ಲಿದ್ದಳು, ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ. ಹೋಗಿ ಎತ್ತಿದೆ.

"ಕಾಲೇಜ್ರೀ? ನಾ ಮೈಲಾರಿ ಮಾತಾಡಾಕತ್ತೇನ್ರಿ, ಕೆರಿ ನೀರಗಂಟಿ. ಸವಿತಾ ಮೇಡಮ್ಮಾರ ಫೋನ್ ಹತ್ತವಲ್ದು."

"ಕ್ಲಾಸಿನ್ಯಾಗ ಇದ್ದಾರ. ಏನು ಹೇಳ್ಬೇಕು?"

"ನಾಳೆ ಬರೂದು ಬ್ಯಾಡ ಅನ್ರಿ ಅವ್ರಿಗೆ. ಮ್ಯಾಲಿನ ಗುಡ್ಡದಾಗ ಮಳಿ ಭಾಳ ಐತಿ. ಕೆರಿ ತುಂಬೇತ್ರಿ, ಇನ್ನೊಂದು ಮಳಿಗೆ ಕೋಡಿ ಬೀಳತೈತಿ. ಕೋಡಿ ಬಿತ್ತಂದ್ರ ದಾರಿ ಬಂದ್. ದಂಡಿ ಮ್ಯಾಲಂತೂ ಡೇರೆ ಹಾಕಾಕ ಆಗಂಗಿಲ್ಲ. ಅವ್ರು ಬರೂದಿಲ್ಲ ಅಂದ್ರ ನಾನೂ ಊರಿಗೆ ಹೋಗ್ತೇನಿ, ಮನ್ಯಾಗ ಕೆಲಸ ಐತಿ. ಹೇಳ್ತೀರಿಲ್ರೀ?"

"ಹೇಳ್ತೀನಿ" ಎಂದೆ.

ಪಿರಿಯಡ್ ಮುಗಿಸಿ ಬಂದ ಸವಿತಾ ಎದುರಿನ ಕುರ್ಚಿಯಲ್ಲಿ ಕೂತು ಬೆರಳಿನ ಸೀಮೆಸುಣ್ಣ ಒರೆಸಿಕೊಂಡಳು. "ಏನರ ವಿಶೇಷ ಐತೇನ್ರಿ ಅಕ್ಕಾರ?" ಎಂದಳು. ಶಿಗ್ಗಾವಿಯ ಆಕಾಶ ನಿಚ್ಚಳವಾಗಿತ್ತು.

"ಏನಿಲ್ಲ" ಎಂದೆ.

ಇಷ್ಟೇ ನಡೆದದ್ದು. ನಾನು ಸುಳ್ಳು ಪತ್ರ ಬರೆಯಲಿಲ್ಲ, ಯಾರ ಮೇಲೂ ಇಲ್ಲದ್ದನ್ನು ಹೊರಿಸಲಿಲ್ಲ. ಮಳೆ ಬಂದು ಕ್ಯಾಂಪ್ ಹಾಳಾದರೆ ಅದು ಮಳೆಯ ಕೆಲಸ.

ಅಕ್ಟೋಬರ್ ೧೮, ಶುಕ್ರವಾರ. ಕೆರೆಯ ದಂಡೆ, ಸಂಜೆ ನಾಲ್ಕು

ಡೇರೆಯೊಳಗೆ ಕೂತು ಬರೆಯುತ್ತಿದ್ದೇನೆ. ನಾವು ಹನ್ನೆರಡು ಜನ. ಟೆಂಪೋ ಕೋಡಿಯ ಆಚೆಗೇ ನಿಂತಿದೆ. ಅಲ್ಲಿಂದ ನಡೆದೇ ಬಂದೆವು. ಕೆರೆ ಬಾಯಿತನಕ ತುಂಬಿದೆ. ಎದುರಿನ ಗುಡ್ಡದ ಅರ್ಧ ಮೋಡದೊಳಗೆ ಹೋಗಿದೆ. ನೀರು ಕಬ್ಬಿಣದ ಬಣ್ಣಕ್ಕೆ ತಿರುಗಿದೆ. ಚೆಂದವಾಗಿದೆ, ಸುಳ್ಳು ಹೇಳಲಾರೆ.

ಮೈಲಾರಿಯ ಗುಡಿಸಲಿಗೆ ಬೀಗ. ಸವಿತಾ ಎರಡು ಸಲ ಹೋಗಿ ನೋಡಿ ಬಂದಳು. "ಎಲ್ಲಿ ಹೋದ್ನೋ ಮಾರಾಯ. ನಾನ ನಿಂತು ಜಾಗಾ ತೋರಸ್ತೇನಿ ಅಂದಿದ್ದ." ಇಲ್ಲಿ ಮೊಬೈಲ್ ಹತ್ತುವುದಿಲ್ಲ. ಅವನು ಎಲ್ಲಿದ್ದಾನೆಂದು ನನಗೆ ಗೊತ್ತು. ಊರಲ್ಲಿ, ನಾವು ಬಂದಿಲ್ಲ ಎಂಬ ನಂಬಿಕೆಯಲ್ಲಿ.

ಡೇರೆಗಳೆಲ್ಲ ದಂಡೆಯ ಮೇಲೆ ಸಾಲಾಗಿವೆ. ನನ್ನದನ್ನು ಮಾತ್ರ ಮೇಲಿನ ಬಂಡೆಯ ಪಕ್ಕ ಹಾಕಿಸಿಕೊಂಡೆ. ಸೊಂಟ ನೋವು, ಒರಗಲು ಬಂಡೆ ಬೇಕು ಎಂದೆ. ನೀಲಪ್ಪ ಸಾಮಾನನ್ನೆಲ್ಲ ಹೊತ್ತು ತಂದು ಗೂಟ ಹೊಡೆದು ಕೊಟ್ಟ. ಹಿರೇಬೆಂಡಿಗೇರಿಯವನು, ಐವತ್ತೈದು ದಾಟಿದೆ, ಆದರೂ ಗಟ್ಟಿ ಆಳು.

ಗಾಳಿ ಎದ್ದಿದೆ. ಕೆಳಗೆ ದೈಹಿಕ ಶಿಕ್ಷಣದ ಸುಭಾಸ ಹಗ್ಗ ಬಿಗಿಯುತ್ತ ಕೂಗುತ್ತಿದ್ದಾನೆ. "ಮೇಡಮ್ಮಾರ, ಇನ್ನೊಂದೀಟು ಗಾಳಿ ಬಂದ್ರ ಡೇರೆ ಜೋಡಿ ನಾವೂ ಹಾರಿ ಹಾನಗಲ್ಲ ಬಸ್ ಸ್ಟ್ಯಾಂಡಿನ್ಯಾಗ ಇಳಿತೇವಿ ನೋಡ್ರಿ. ಟಿಕೀಟ್ ರೊಕ್ಕ ಉಳೀತು." ಎಲ್ಲರೂ ನಗುತ್ತಿದ್ದಾರೆ. ಸವಿತಾ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಾಳೆ.

ನಗಲಿ. ನಾಳೆ ಹತ್ತಕ್ಕೆ ಅಧ್ಯಕ್ಷರು ಬಂದಾಗ ಹರಿದ ಡೇರೆಗಳು, ಆರಿದ ಒಲೆ, ಒದ್ದೆ ಕೋಳಿಯಂಥ ಪ್ರಿನ್ಸಿಪಾಲು. ನಾನು ಹಣೆಯ ಕುಂಕುಮ ಕೂಡ ಕದಡದೆ ಬಂಡೆಯ ಪಕ್ಕದಿಂದ ಇಳಿದು ಬಂದು ನಮಸ್ಕಾರ ಮಾಡುತ್ತೇನೆ.

ಮೊದಲ ಹನಿ ಈ ಪುಟದ ಮೇಲೇ ಬಿತ್ತು.

ಅಕ್ಟೋಬರ್ ೧೯, ಶನಿವಾರ. ಸವಣೂರು

ಮನೆ ಸೇರಿ ಮೂರು ತಾಸಾಯಿತು. ಸೀರೆ ಬದಲಿಸಿದ್ದಷ್ಟೇ, ಊಟವಾಗಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು.

ಐದರ ಹೊತ್ತಿಗೆ ಮಳೆ ಹಿಡಿಯಿತು. ಅಂಥ ಮಳೆಯನ್ನು ನಾನು ಕಂಡಿಲ್ಲ. ಕೆಳಗಿನಿಂದ ಕೆರೆ ಏರಿತು, ಮೇಲಿನಿಂದ ಗುಡ್ಡದ ನೀರು ನನ್ನ ಬಂಡೆಯನ್ನೂ ಸುತ್ತಿ ಹಳ್ಳವಾಗಿ ಇಳಿಯಿತು. ಅರ್ಧ ತಾಸಿನಲ್ಲಿ ಕೋಡಿ ಬಿದ್ದು ದಾರಿ ಮುಚ್ಚಿತು. ಟೆಂಪೋ ಆಚೆ, ನಾವು ಈಚೆ. ದಂಡೆಯ ಮೇಲಿನ ಡೇರೆಗಳು ಒಂದೊಂದಾಗಿ ನೀರಿನಲ್ಲಿ ಕುಸಿದು ಕೂತವು. ಅಡಿಗೆಯ ಪಾತ್ರೆಗಳು ತೇಲಿ ಹೋದವು.

ಸವಿತಾ ಸೀರೆ ಎತ್ತಿ ಕಟ್ಟಿ ನೀರಿನಲ್ಲಿ ನಿಂತು ಒಬ್ಬೊಬ್ಬರನ್ನೇ ಕೈ ಹಿಡಿದು ಮೇಲಕ್ಕೆ ದಾಟಿಸಿದಳು. ಏರಿನ ಮೇಲೆ ದನ ಕಾಯುವವರು ಕಟ್ಟಿದ, ತಗಡಿನ ಮಾಡಿನ ಕಲ್ಲಿನ ದೊಡ್ಡಿಯಿತ್ತು. ಅಲ್ಲಿ ಸೇರಿದೆವು. ಸವಿತಾ ತಲೆ ಎಣಿಸಿದಳು. ಹನ್ನೊಂದು.

"ನೀಲಪ್ಪ ಎಲ್ಲಿ?"

ಯಾರೋ ಅಂದರು, "ಪದ್ಮಜಾ ಮೇಡಮ್ಮಾರ ಚೀಲಾ ತರಾಕ ಹೋದ."

ನಾನು ತರಲು ಹೇಳಿರಲಿಲ್ಲ. 'ಅಯ್ಯೋ, ನನ್ನ ಚೀಲ' ಎಂದಿದ್ದೆ, ಅಷ್ಟೇ.

ಬಂಡೆಯ ಪಕ್ಕದ ನನ್ನ ಡೇರೆಯಿಂದ ಇಳಿಯುವಾಗ ಜಾರಿದ್ದಾನೆ. ಕಲ್ಲುಗಳ ನಡುವೆ ಬಿದ್ದಿದ್ದ, ಬಲಗಾಲು ಮೊಣಕಾಲಿನ ಕೆಳಗೆ ಬೇರೆ ಕಡೆಗೆ ತಿರುಗಿತ್ತು. ಚೀಲವನ್ನು ಮಾತ್ರ ಎದೆಗವಚಿ ಹಿಡಿದಿದ್ದ. ಸುಭಾಸ, ಸವಿತಾ ಹೊತ್ತು ತಂದರು. ಸವಿತಾ ತನ್ನ ಸೀರೆಯ ಸೆರಗು ಹರಿದು, ಡೇರೆಯ ಕೋಲು ಕೊಟ್ಟು ಕಾಲು ಕಟ್ಟಿದಳು. ಅವನು ಕೂಗಲಿಲ್ಲ, ಹಲ್ಲು ಕಚ್ಚಿ ತಗಡು ನೋಡುತ್ತಿದ್ದ.

"ನೀರು" ಎಂದ.

ನೀರುಪಾಲಾಗದೆ ಉಳಿದದ್ದು ನನ್ನ ಚೀಲವೊಂದೇ. ಬಾಟಲಿಯೂ ಅದರೊಳಗೇ ಇತ್ತು. ನಾನೇ ಎದ್ದು ಹೋಗಿ ಕೊಟ್ಟೆ. ಅಂಗಾತ ಮಲಗಿದ್ದವನು ಎರಡೂ ಕೈ ಎತ್ತಿ ಬಾಯಿಯ ಹತ್ತಿರ ಬೊಗಸೆ ಹಿಡಿದ. ನಾನು ಮೇಲಿನಿಂದ ಹಾಕಿದೆ. ಮಲಗಿದವನ ಬೊಗಸೆ ನಿಲ್ಲುತ್ತದೆಯೇ? ನೀರೆಲ್ಲ ಕುತ್ತಿಗೆಗೆ, ಎದೆಗೆ ಹರಿಯಿತು. ಕೆಮ್ಮಿದ. ಸವಿತಾ ನನ್ನ ಕೈಯಿಂದ ಬಾಟಲಿ ಕಸಿದುಕೊಂಡು, ಅವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ತುಟಿಗೆ ಹಿಡಿದಳು. ಅವನು ಗುಟುಗುಟು ಕುಡಿದ. ಉಳಿದದ್ದನ್ನು ನನಗೆ ವಾಪಸ್ಸು ಕೊಟ್ಟಳು.

ನನಗೂ ಗಂಟಲು ಒಣಗಿತ್ತು. ಕುಡಿದೆ. ಎತ್ತಿ ಕುಡಿದೆನೋ ಕಚ್ಚಿ ಕುಡಿದೆನೋ ನೆನಪಿಲ್ಲ. ಬರೆದಿಡುವಂಥ ವಿಷಯವೂ ಅಲ್ಲ.

ಬೆಳಿಗ್ಗೆ ನೀರು ತಗ್ಗಿದ ಮೇಲೆ, ಆಚೆ ನಿಂತ ಟೆಂಪೋ ಕಂಡು ಮೈಲಾರಿ ಟ್ರ್ಯಾಕ್ಟರ್ ತಂದ. ನಮ್ಮನ್ನು ಕಂಡು ತಲೆಯ ಮೇಲೆ ಕೈ ಹೊತ್ತು ನಿಂತ. "ಬರಬ್ಯಾಡ್ರಿ ಅಂತ ಫೋನ್ ಮಾಡಿದ್ನೆಲ್ರೀ ಯವ್ವಾ." ಆ ಹೊತ್ತಿಗೆ ಸರಿಯಾಗಿ ಅಧ್ಯಕ್ಷರ ಕಾರೂ ಬಂದಿತ್ತು. ಮಾತು ಅವರ ಕಿವಿಗೆ ಬಿತ್ತು. "ಯಾರು ಎತ್ತಿದ್ರು ಫೋನು?" ಎಂದರು. "ಹೆಣ್ಮಗಳ ದನೀರಿ. ಯಾರು ಏನು ನಾ ಕೇಳಲಿಲ್ಲ" ಎಂದ ಮೈಲಾರಿ. ಅಧ್ಯಕ್ಷರು ಸವಿತಾಳನ್ನು ನೋಡಿದರು. ಎಲ್ಲರೂ ಸವಿತಾಳನ್ನೇ ನೋಡಿದರು.

ನಾನು ಬಯಸಿದ್ದು ಬಯಸಿದಂತೆಯೇ ನಡೆಯಿತು. ಕಾಲು ಮುರಿಯಬೇಕಾಗಿರಲಿಲ್ಲ. ಅದು ಮಾತ್ರ ನಾನು ಬಯಸಿದ್ದಲ್ಲ.

ಅಕ್ಟೋಬರ್ ೨೧, ಸೋಮವಾರ

ಮಂಡಳಿ ವಿಚಾರಣೆ ಶುರುಮಾಡಿದೆ. ಫೋನ್ ಬಂದದ್ದು ಸವಿತಾಳಿಗೆ ತಿಳಿದಿತ್ತು, ಹಟಕ್ಕೆ ಬಿದ್ದು ಎಲ್ಲರನ್ನೂ ಕರೆದೊಯ್ದಳು ಎಂದೇ ಮಾತು. ಹಿರಿಯಳಾದ್ದರಿಂದ ನನ್ನಿಂದಲೂ ಲಿಖಿತ ವರದಿ ಕೇಳಿದ್ದಾರೆ, ಬರುವ ಸೋಮವಾರದೊಳಗೆ.

ಕವಿತೆಯ ಪುಸ್ತಕ ತೆಗೆದೆ. ಯಾವ ಸಾಲೂ ಒಳಗಿಳಿಯಲಿಲ್ಲ. ಸಂತೋಷ ಹೆಚ್ಚಾದಾಗಲೂ ಹೀಗಾಗುತ್ತದೆ.

ಅಕ್ಟೋಬರ್ ೨೪, ಗುರುವಾರ

ಹಾವೇರಿಯ ಆಸ್ಪತ್ರೆಗೆ ಹೋಗಿದ್ದೆ. ನೀಲಪ್ಪನಿಗೆ ರಾಡ್ ಹಾಕಿದ್ದಾರೆ. ಸವಿತಾಳ ಬೇಜವಾಬ್ದಾರಿಯಿಂದಲೇ ಹೀಗಾಯಿತು ಎಂದು ಅವನ ಹೇಳಿಕೆಯನ್ನು ಚೆಂದವಾಗಿ ಬರೆದುಕೊಂಡು ಹೋಗಿದ್ದೆ, ಸಹಿ ಬೇಕಿತ್ತು. ಮೂಸಂಬಿಯನ್ನೂ ಒಯ್ದಿದ್ದೆ.

ಕೇಳಿಸಿಕೊಂಡು ಹಾಳೆಯನ್ನು ಹಾಸಿಗೆಯ ಮೇಲಿಟ್ಟ. ಆಮೇಲೆ, "ಬಾಯಾರ, ಸವಿತಾ ಮೇಡಮ್ಮಾರ ಮ್ಯಾಲ ಸಿಟ್ಟು ಬಿಡ್ರಿ. ಆ ಪತ್ರ ಅವ್ರು ಬರದಿಲ್ಲ" ಎಂದ.

"ನಿನಗ ಹೆಂಗ ಗೊತ್ತು?"

"ನನ್ನ ಮಗಳು ಬರದಾಳ್ರಿ. ನಾ ಕುಂತು ಹೇಳಿ ಬರಸೇನಿ."

ಅವನ ಮಗಳು ರಾಜಶ್ರೀ. ಮೂರು ವರ್ಷ ನನ್ನ ವಿದ್ಯಾರ್ಥಿನಿ. ಕವಿತೆ ಓದಿದರೆ ಕಿಟಕಿಯಾಚೆ ನೋಡುತ್ತ ಕೇಳುತ್ತಿದ್ದ ಹುಡುಗಿ. ಇಂಥ ಕಿವಿ ನನಗೆ ಇಪ್ಪತ್ತೆರಡು ವರ್ಷದಲ್ಲಿ ಎರಡೋ ಮೂರೋ ಸಿಕ್ಕಿವೆ.

ನೀಲಪ್ಪ ನನ್ನ ಮುಖ ನೋಡದೆ ಹೇಳಿದ: "ಆಕಿ ತಾನು ಬರದ ಕವಿತಾ ತೋರಸಾಕ ನಿಮ್ಮ ಕಡೆ ಬಂದಿದ್ಲು. ನೀರಡಿಸಿತ್ತು, ಟೇಬಲ್ ಮ್ಯಾಲಿನ ಲೋಟ ಎತ್ತಿ ಕುಡದ್ಲು. ನೀವು ಏನೂ ಅನ್ನಲಿಲ್ರಿ. ಕವಿತಾನೂ ಓದಿದ್ರಿ, ಛಲೋ ಐತಿ ಅಂದ್ರಿ. ಆಕಿ ಹೋದಮ್ಯಾಗ ನನ್ನ ಕರದು, 'ನೀಲಪ್ಪಾ, ಈ ಲೋಟ ನೀ ಮನಿಗೆ ಒಯ್ಯಿ, ನಾ ಹೊಸಾದು ತರ್ತೀನಿ' ಅಂದ್ರಿ. ನಾ ಹುಚ್ಚ, ಖುಷೀಲೆ ಒಯ್ದೆ. ಆಕಿ ನೋಡಿದ್ಲು. 'ಅಪ್ಪಾ, ಇದು ನಮ್ಮ ಮನಿಗೆ ಯಾಕ ಬಂತು?' ಅಂದ್ಲು. ಏನಂತ ಹೇಳಲ್ರಿ?"

ಮೂಸಂಬಿಯ ಚೀಲವನ್ನು ಕಾಟಿನ ಪಕ್ಕಕ್ಕೆ ಸರಿಸಿದೆ.

"ಲೋಟ ಇನ್ನೂ ಐತ್ರಿ ಮನ್ಯಾಗ. ಗ್ವಾಡಿ ಮಾಡದಾಗ ಇಟ್ಟೇವಿ. ಯಾರೂ ಮುಟ್ಟೂದಿಲ್ಲ."

ಪಕ್ಕದ ಹಾಸಿಗೆಯವರು ಟಿಫಿನ್ ಡಬ್ಬಿ ಬಿಚ್ಚುತ್ತಿದ್ದರು. ನಾನು ಎದ್ದೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೈ ಉರಿಯಿತು. ಇವನ ಮಗಳಿಗೆ ನಾನೇ ಪುಸ್ತಕ ಕೊಟ್ಟು ಓದಿಸಿದೆ. ಅಂಥವಳ ಅಪ್ಪ ನನ್ನ ಬೆನ್ನಿಗೆ ಚೂರಿ ಹಾಕಿದ. ಒಂದೇ ಒಂದು ಅರ್ಜಿ ಕೊಟ್ಟರೆ ಸಾಕು, ಅವನ ನೌಕರಿ ಹೋಗುತ್ತದೆ. ಅವನನ್ನೂ ಬಿಡುವುದಿಲ್ಲ. ಕಾಲು ನೆಟ್ಟಗಾಗಲಿ, ಆಮೇಲೆ ನೋಡುತ್ತೇನೆ. ಮಲಗಿದವನ ಮೇಲೆ ಹಗೆ ತೀರಿಸಿಕೊಂಡರೆ ಅದು ನನಗೇ ಶೋಭೆಯಲ್ಲ.

ಹೇಳಿಕೆಗೆ ಸಹಿ ಹಾಕಿಸುವುದು ಉಳಿದೇಹೋಯಿತು. ಪೆನ್ನು ಸಿಗಲಿಲ್ಲ.

ಅಕ್ಟೋಬರ್ ೨೫, ಶುಕ್ರವಾರ

ಮತ್ತೆ ಹಾವೇರಿಗೆ ಹೋಗಿದ್ದೆ. ಬೇರೆ ಕೆಲಸವಿತ್ತು. ಹಾದಿಯಲ್ಲೇ ಆಸ್ಪತ್ರೆ. ನೀಲಪ್ಪ ನಿದ್ದೆ ಮಾಡುತ್ತಿದ್ದ. ರಾಜಶ್ರೀ ಕಾಟಿನ ಕಾಲಬದಿ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ನಮಸ್ಕಾರ ಮಾಡಲಿಲ್ಲ. ನಾನೂ ಮಾತಾಡಿಸಲಿಲ್ಲ. ಅನ್ನದ ಡಬ್ಬಿ ಇಟ್ಟು ಬಂದೆ. ಡಬ್ಬಿ ವಾಪಸ್ಸು ಬೇಡ ಎಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ.

ಅಕ್ಟೋಬರ್ ೨೬, ಶನಿವಾರ

ಮಧ್ಯಾಹ್ನ ಸವಿತಾ ಮನೆಗೆ ಬಂದಳು. ಮುಖ ಇಳಿದುಹೋಗಿತ್ತು. ಪ್ರಾಣೇಶ ಮನೆಯಲ್ಲಿರಲಿಲ್ಲ. ಕೂರು ಎಂದೆ.

"ಅಕ್ಕಾರ, ಫೋನ್ ಮಾಡಿದ ವ್ಯಾಳ್ಯಾ ಮೈಲಾರಿ ಹೇಳಿದ. ಗುರುವಾರ ಮೂರನೇ ಪಿರಿಯಡ್ ಟೈಮ್ ಟೇಬಲ್ ನೋಡಿದೆ. ಸ್ಟಾಫ್ ರೂಮಿನ್ಯಾಗ ನೀವೊಬ್ಬರ ಇದ್ರಿ."

ನನ್ನ ಉತ್ತರಕ್ಕೆ ಕಾಯಲಿಲ್ಲ.

"ನೀವು ಮರತ್ರಿ. ನಾ ಅಷ್ಟ ತಿಳಕೊಂಡೇನಿ. ಮನಿ, ಕಾಲೇಜು, ಪೇಪರ್ ತಿದ್ದೂದು, ಯಾರಿಗರ ಮರವು ಆಗತೈತ್ರಿ. ನನ್ನವ್ವನೂ ನಿಮ್ಮ ವಯಸ್ಸಿನ್ಯಾಗ ಹಿಂಗ ಮರೀತಿದ್ಲು."

"ಸವಿತಾ…"

"ಇರ್ರಿ, ಹೇಳಿ ಮುಗಸ್ತೇನಿ. ಫೋನ್ ನಾನ ಎತ್ತಿದ್ದೆ, ಸಣ್ಣ ಮಳಿ ಅಂತ ತಿಳದೆ ಅಂತ ಮಂಡಳಿಗೆ ಹೇಳಿಬಿಡ್ತೇನಿ. ಹೆಂಗೂ ಕುರ್ಚಿ ಹೋಗೂದ ಐತಿ. ಇಬ್ಬರ ಹೆಸರು ಯಾಕ ಕೆಡಬೇಕು? ನಿಮ್ಮ ವರದಿಯೊಳಗ ನೀವು ಏನೂ ಬರೀಬ್ಯಾಡ್ರಿ."

ಚಹಾ ಕುಡಿದು ಹೋದಳು. ಅವಳು ಹೋದ ಮೇಲೆ ಅಡಿಗೆಮನೆಯಲ್ಲಿ ನಿಂತೇ ಇದ್ದೆ.

ಗೆದ್ದೆ. ಸೋಮವಾರ ಅವಳು ಹೇಳಿಬಿಟ್ಟರೆ ಕುರ್ಚಿ ನನ್ನದು. ಆದರೆ ಇದು ಯಾವ ಸೀಮೆಯ ಗೆಲುವು? ಮರೆತಳಂತೆ. ಅವಳ ಅವ್ವನ ಹಾಗೆ. ನಾನು ಮರೆಯುವವಳೇ? ಮೂವತ್ತು ವರ್ಷದ ಹಿಂದಿನ ಸಾಲುಗಳನ್ನು ಬಾಯಿಪಾಠ ಹೇಳುತ್ತೇನೆ. ಇವಳು ನನ್ನನ್ನು ಕ್ಷಮಿಸಿ ಹೋಗಿದ್ದಾಳೆ, ಅದೂ ನಾನು ಮಾಡದ ತಪ್ಪಿಗೆ. ಮಾಡಿದ್ದಕ್ಕೆ ಕ್ಷಮಿಸಿದ್ದರೆ ಬಾಗಿಲಿನಿಂದ ಹೊರಗೆ ನೂಕಬಹುದಿತ್ತು.

ಅಕ್ಟೋಬರ್ ೨೭, ಭಾನುವಾರ

ಏನೂ ಬರೆಯಲಾಗುತ್ತಿಲ್ಲ.

ಅಕ್ಟೋಬರ್ ೨೮, ಸೋಮವಾರ

ಬೆಳಿಗ್ಗೆ ಐದಕ್ಕೆ ಎದ್ದು ವರದಿ ಬರೆದೆ. ಮಂಡಳಿಯ ಸಭೆ ಹನ್ನೊಂದಕ್ಕಿತ್ತು. ಹತ್ತೂವರೆಗೆ ಅಧ್ಯಕ್ಷರ ಕೈಗೇ ಕೊಟ್ಟು ಬಂದೆ. ಮುಖ್ಯವಾದ ಎರಡು ವಾಕ್ಯಗಳನ್ನು ಇಲ್ಲಿಯೂ ನಕಲು ಮಾಡಿಡುತ್ತೇನೆ: 'ಹದಿನೇಳರಂದು ಮೈಲಾರಿ ಮಾಡಿದ ಫೋನನ್ನು ಎತ್ತಿದವಳು ನಾನು. ಸಂದೇಶವನ್ನು ಮರೆತಿರಲಿಲ್ಲ, ಬೇಕೆಂದೇ ಯಾರಿಗೂ ತಿಳಿಸಲಿಲ್ಲ.'

ಇದರಲ್ಲಿ ಪಶ್ಚಾತ್ತಾಪ ಹುಡುಕುವವರು ಹುಡುಕಿಕೊಳ್ಳಲಿ. ಸವಿತಾಳ ಉಪಕಾರ ಹೊತ್ತುಕೊಂಡು ಉಳಿದ ಹನ್ನೆರಡು ವರ್ಷ ಅವಳ ಎದುರಿನ ಟೇಬಲ್ಲಿನಲ್ಲಿ ಕೂರುವುದು ನನ್ನಿಂದಾಗದು, ಅಷ್ಟೇ. ಅವಳ ದೊಡ್ಡತನವನ್ನು ಹೊಡೆದು ಹಾಕಲು ಇದಕ್ಕಿಂತ ಒಳ್ಳೆಯ ದಾರಿ ಕಾಣಲಿಲ್ಲ. ನಾನು ಕೊಟ್ಟು ಎದ್ದಾಗ ಬಾಗಿಲ ಹೊರಗೆ ಅವಳು ತನ್ನ ಸರದಿಗೆ ಕಾಯುತ್ತಿದ್ದಳು. "ಅಕ್ಕಾರ, ಏನು ಬರದ್ರಿ?" ಎಂದಳು. "ನಿನಗ ಸಂಬಂಧ ಇಲ್ಲ" ಎಂದೆ.

ನೀಲಪ್ಪನ ವಿಷಯ ವರದಿಯಲ್ಲಿ ಬರೆಯಲಿಲ್ಲ. ಅರ್ಜಿಯನ್ನೂ ಕೊಡಲಿಲ್ಲ. ನಾಳೆ ಕೊಟ್ಟರಾಯಿತು.

ಸಂಜೆ ಪ್ರಾಣೇಶ ನಕಲನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು.

"ನೌಕರಿ ಹೋಗ್ತದಲ್ಲ ಪದ್ಮಾ."

"ಹೋಗ್ಲಿ."

"ಇಷ್ಟೆಲ್ಲಾ ಬರದೀ. ಲೋಟದ್ದು?"

"ಅದರಾಗ ಬರೀಲಿಕ್ಕೆ ಏನದ? ಅದೊಂದರೊಳಗ ನನ್ನ ತಪ್ಪಿಲ್ಲ. ಆ ಹುಡುಗಿಗೆ ನಾ ಏನರ ಅಂದೆನ? ನೀವ ಹೇಳ್ರಿ, ಹುಟ್ಟಿದಾಗಿಂದ ಯಾರಿಗರ ಒಬ್ಬರಿಗೆ ಮುಟ್ಟಬ್ಯಾಡ ಅಂದೇನೇನು?"

ಅವರು ನಕಲನ್ನು ಮಡಚಿ ನನ್ನ ಕೈಗಿಟ್ಟರು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಪಕ್ಕದ ಮನೆಯ ಗುಲ್ನಾರ. ಬಟ್ಟೆ ಹೊಲಿಯುತ್ತಾಳೆ, ಇಪ್ಪತ್ತು ವರ್ಷದಿಂದ ನಮ್ಮದೂ ಅವರದೂ ಒಂದೇ ಗೋಡೆ. ಮಗಳಿಗೆ ಹುಬ್ಬಳ್ಳಿಯಲ್ಲಿ ಗಂಡು ಮಗುವಾಗಿದೆಯಂತೆ, ಮುಖವೆಲ್ಲ ನಗೆ. ಕೈಯಲ್ಲಿ ದಾರ ಸುತ್ತಿದ ಪೇಢೆಯ ಡಬ್ಬಿ. ನಾನು ಕೈ ಚಾಚಿದೆ. ಅಷ್ಟರಲ್ಲಿ ಅವಳು ಬಗ್ಗಿ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ನನ್ನ ಕೈ ಹಾಗೇ ಉಳಿದದ್ದನ್ನು ನೋಡಿ ಸಮಾಧಾನ ಹೇಳುವವಳಂತೆ ಅಂದಳು:

"ಕಾಳಜಿ ಮಾಡಬ್ಯಾಡ್ರಿ ಅಕ್ಕಾರ. ಅಂಗಡ್ಯಾವ ಕಟ್ಟಿಕೊಟ್ಟಿದ್ದು ಹಂಗ ಐತಿ. ಒಳಗ ನಾ ಕೈ ಹಚ್ಚಿಲ್ಲ."